ಆರೋಗ್ಯದ ಮಾತನ್ನು ನಂಬುವ ಮುನ್ನ

ಪಕ್ಕೆಯಲ್ಲಿ ತಡೆಯಲಾರದ ನೋವು ಬಂದು, ಸ್ಕ್ಯಾನಿಂಗ್ ವರದಿಯಲ್ಲಿ ‘5 ಮಿ.ಮೀ. ಕಲ್ಲು’ ಎಂದು ಬರೆದಿರುವುದನ್ನು ಓದಿದವರು ಮನೆಗೆ ಬಂದೊಡನೆ ಮೊಬೈಲ್ ಕೈಗೆತ್ತಿಕೊಳ್ಳುತ್ತಾರೆ. ‘ಕಿಡ್ನಿ ಕಲ್ಲಿಗೆ ಮನೆಮದ್ದು’ ಎಂದು ಟೈಪ್ ಮಾಡಿದರೆ ಸಾಕು, ಉತ್ತರಗಳ ರಾಶಿ ಬಂದು ಬೀಳುತ್ತದೆ. ಬಾಳೆದಿಂಡಿನ ರಸ ಕುಡಿಯಿರಿ ಎನ್ನುವವರು ಕೆಲವರು, ಹುರುಳಿ ಕಟ್ಟು ಕುಡಿಯಿರಿ ಎನ್ನುವವರು ಹಲವರು. ಕಾಡುಬಸಳೆ ಎಲೆ ಅಗಿಯಿರಿ, ಟೊಮೆಟೊ ಮುಟ್ಟಬೇಡಿ, ಹಾಲು ಬಿಟ್ಟುಬಿಡಿ ಎಂಬ ಸಲಹೆಗಳೂ ಸಿಗುತ್ತವೆ. ನಡುವೆ, ಆಪರೇಷನ್ ಇಲ್ಲದೆ ಕಲ್ಲು ಕರಗಿಸಿಕೊಡುವುದಾಗಿ ಹೇಳುವ ಪುಡಿಯ ಜಾಹೀರಾತೂ ಇಣುಕುತ್ತದೆ.

ಈ ರಾಶಿಯಲ್ಲಿ ನಿಜವಾಗಿ ಉಪಯೋಗಕ್ಕೆ ಬರುವ ಮಾಹಿತಿಯೂ ಇದೆ. ಅದನ್ನು ಹೆಕ್ಕಿ ತೆಗೆಯಲು ವೈದ್ಯಕೀಯ ಪದವಿ ಬೇಕಿಲ್ಲ. ಮೂರು ಪ್ರಶ್ನೆ ಕೇಳುವ ಅಭ್ಯಾಸವಿದ್ದರೆ ಸಾಕು. ಹೇಳುತ್ತಿರುವವರು ಯಾರು? ಅದಕ್ಕೆ ಪುರಾವೆ ಏನು? ನೂರು ಜನ ಹಾಗೆ ಮಾಡಿದರೆ ಎಷ್ಟು ಜನರಿಗೆ ಅನುಕೂಲವಾಗುತ್ತದೆ? ಈ ಪ್ರಶ್ನೆಗಳ ಉತ್ತರ ಬಹುಪಾಲು ನಾವು ಓದುತ್ತಿರುವ ಪುಟದಲ್ಲಿ ಇರುವುದಿಲ್ಲ, ಪುಟದ ಹೊರಗೆ ಇರುತ್ತದೆ. ಆದ್ದರಿಂದ ಆರೋಗ್ಯದ ಮಾಹಿತಿ ಹುಡುಕುವವರು ಮೊದಲು ಕಲಿಯಬೇಕಾದದ್ದು ಪುಟದಿಂದ ಹೊರಬಂದು ನೋಡುವುದನ್ನು. ಮೂತ್ರಪಿಂಡದ ಕಲ್ಲನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ವಿವರವಾಗಿ ನೋಡೋಣ.

ಹೇಳುತ್ತಿರುವವರು ಯಾರು?

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 10 ಮಂದಿ ಇತಿಹಾಸಕಾರರು, 10 ಮಂದಿ ವೃತ್ತಿಪರ ಫ್ಯಾಕ್ಟ್ ಚೆಕರ್‌ಗಳು ಮತ್ತು ಸ್ಟ್ಯಾನ್‌ಫರ್ಡ್‌ನ 25 ವಿದ್ಯಾರ್ಥಿಗಳು ಅದರಲ್ಲಿ ಭಾಗವಹಿಸಿದ್ದರು. ಅವರ ಮುಂದೆ ಮಕ್ಕಳ ವೈದ್ಯರ ಎರಡು ಸಂಘಟನೆಗಳ ಜಾಲತಾಣಗಳನ್ನಿಟ್ಟು, ಯಾವುದು ಹೆಚ್ಚು ನಂಬಲರ್ಹ ಎಂದು ಕೇಳಲಾಯಿತು. ಒಂದು ‘ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್’. 1930ರಲ್ಲಿ ಆರಂಭವಾದ ಈ ಸಂಸ್ಥೆಗೆ 60 ಸಾವಿರಕ್ಕೂ ಹೆಚ್ಚು ಸದಸ್ಯರಿದ್ದಾರೆ. ಇನ್ನೊಂದು ‘ಅಮೆರಿಕನ್ ಕಾಲೇಜ್ ಆಫ್ ಪೀಡಿಯಾಟ್ರಿಶಿಯನ್ಸ್’. ಸಲಿಂಗಿ ದಂಪತಿ ಮಕ್ಕಳನ್ನು ದತ್ತು ಪಡೆಯುವುದನ್ನು ಅಕಾಡೆಮಿ ಬೆಂಬಲಿಸಿದಾಗ, ಅದನ್ನು ಒಪ್ಪದ ಕೆಲವರು 2002ರಲ್ಲಿ ಹೊರಬಂದು ಕಟ್ಟಿಕೊಂಡ ಚಿಕ್ಕ ಗುಂಪು ಇದು. ಎರಡೂ ಹೆಸರು ಒಂದೇ ರೀತಿ ಗಂಭೀರವಾಗಿವೆ. ಎರಡೂ ತಾಣಗಳಲ್ಲಿ ಲಾಂಛನವಿದೆ, ಅಚ್ಚುಕಟ್ಟಾದ ಲೇಖನಗಳಿವೆ, ಆಕರಗಳ ಪಟ್ಟಿಯೂ ಇದೆ.

ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಚಿಕ್ಕ ಗುಂಪಿನ ತಾಣವನ್ನೇ ಹೆಚ್ಚು ನಂಬಲರ್ಹವೆಂದು ಆರಿಸಿದರು. ಓದಿ ಪಳಗಿದ ಇತಿಹಾಸಕಾರರಲ್ಲೂ ಹಲವರು ಎಡವಿದರು. ಅವರೆಲ್ಲ ಆ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಶ್ರದ್ಧೆಯಿಂದ ಓದಿದ್ದರು. ಫ್ಯಾಕ್ಟ್ ಚೆಕರ್‌ಗಳು ಮಾತ್ರ ಒಬ್ಬರೂ ತಪ್ಪದೆ ಸರಿಯಾದ ಉತ್ತರ ಕೊಟ್ಟರು. ಅವರು ಪುಟವನ್ನು ಪೂರ್ತಿ ಓದುವ ಗೋಜಿಗೇ ಹೋಗಲಿಲ್ಲ. ಕೆಲವೇ ಕ್ಷಣಗಳಲ್ಲಿ ಹೊಸ ಟ್ಯಾಬ್ ತೆರೆದು, ಸಂಸ್ಥೆಯ ಹೆಸರು ಹಾಕಿ, ಬೇರೆಯವರು ಅದರ ಬಗ್ಗೆ ಏನು ಹೇಳುತ್ತಾರೆಂದು ನೋಡಿದರು. ಪುಟದ ಅಂದಚಂದ, ಬರಹದ ಗಾಂಭೀರ್ಯ, ಆಕರಗಳ ಉದ್ದ ಇವೆಲ್ಲ ಪುಟ ಕಟ್ಟಿದವರ ಕೈಯಲ್ಲಿರುತ್ತವೆ. ಬೇರೆಯವರ ಅಭಿಪ್ರಾಯ ಅವರ ಕೈಯಲ್ಲಿರುವುದಿಲ್ಲ.

ಪುಟದ ಮೇಲಿನ ಗುರುತುಗಳಿಂದಲೇ ಗುಣಮಟ್ಟ ಅಳೆಯುವ ಪ್ರಯತ್ನಗಳು ಹಿಂದೆ ನಡೆದಿವೆ. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ‘ಜಾಮಾ’ 1997ರಲ್ಲೇ ನಾಲ್ಕು ಅಂಶಗಳನ್ನು ಪಟ್ಟಿ ಮಾಡಿತ್ತು. ಬರೆದವರ ಹೆಸರು ಮತ್ತು ಅರ್ಹತೆ, ಮಾಹಿತಿಯ ಮೂಲ, ತಾಣದ ಒಡೆತನ ಹಾಗೂ ಹಣದ ಹಿನ್ನೆಲೆ, ಬರೆದ ಅಥವಾ ಪರಿಷ್ಕರಿಸಿದ ದಿನಾಂಕ, ಇವಿಷ್ಟೂ ಇರಬೇಕೆಂಬುದು ಅದರ ಸಲಹೆ. ಜಿನೀವಾದ ‘ಹೆಲ್ತ್ ಆನ್ ದಿ ನೆಟ್’ ಪ್ರತಿಷ್ಠಾನ 1996ರಲ್ಲಿ ಎಂಟು ನಿಯಮಗಳ ಸಂಹಿತೆ ರೂಪಿಸಿ, ಅವನ್ನು ಪಾಲಿಸುವ ಜಾಲತಾಣಗಳಿಗೆ ಮುದ್ರೆ ಕೊಡತೊಡಗಿತು. 2022ರಲ್ಲಿ ಆ ಪ್ರಮಾಣೀಕರಣ ನಿಂತುಹೋಯಿತು. ಜಾಮಾದ ನಾಲ್ಕು ಅಂಶಗಳು ಇಂದಿಗೂ ಬೇಕು. ಲೇಖಕರ ಹೆಸರಿಲ್ಲದ, ದಿನಾಂಕವಿಲ್ಲದ ಪುಟವನ್ನು ಹಿಂದೆಮುಂದೆ ನೋಡದೆ ಬದಿಗಿಡಬಹುದು. ಹಾಗೆಂದು ಅವೆಲ್ಲ ಇದ್ದ ಮಾತ್ರಕ್ಕೆ ಒಳಗಿನ ಮಾತು ನಿಜವಾಗುವುದಿಲ್ಲ. ಹೆಸರು, ದಿನಾಂಕ, ಮುದ್ರೆ ಯಾವುದನ್ನೂ ಅಂಟಿಸಿಕೊಳ್ಳುವುದು ಕಷ್ಟವಲ್ಲ.

ಕನ್ನಡದ ವಿಡಿಯೊ ನೋಡುವವರು ಇದನ್ನು ಹೀಗೆ ಬಳಸಬಹುದು. ಮಾತನಾಡುತ್ತಿರುವವರ ಹೆಸರಿನ ಹಿಂದೆ ‘ಡಾ.’ ಇದ್ದರೆ ಅದು ಯಾವ ವಿಷಯದ ಪದವಿ ಎಂದು ನೋಡಿ. ಎಂಬಿಬಿಎಸ್ ಓದಿದವರ ನೋಂದಣಿಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿರುವ ‘ಇಂಡಿಯನ್ ಮೆಡಿಕಲ್ ರಿಜಿಸ್ಟರ್’ನಲ್ಲಿ ಹೆಸರು ಹಾಕಿ ಹುಡುಕಬಹುದು. ಆಗಸ್ಟ್ 2023ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ವೈದ್ಯರು ಅಥವಾ ಆರೋಗ್ಯ ತಜ್ಞರೆಂದು ಹೇಳಿಕೊಂಡು ಸಾಮಾಜಿಕ ಮಾಧ್ಯಮಗಳಲ್ಲಿ ಮಾಹಿತಿ ಹಂಚುವವರು, ಉತ್ಪನ್ನ ಪ್ರಚಾರ ಮಾಡುವವರು ತಮ್ಮ ಅರ್ಹತೆಯನ್ನು ತಿಳಿಸಬೇಕು. ತಿಳಿಸದಿದ್ದರೆ ಅದೇ ಒಂದು ಎಚ್ಚರಿಕೆ. ವಿಡಿಯೊದ ಕೆಳಗೆ ಅದೇ ಪುಡಿಯನ್ನೋ ರಸವನ್ನೋ ಕೊಳ್ಳುವ ಕೊಂಡಿ ಇದ್ದರೆ, ಅಲ್ಲಿ ಸಲಹೆ ಕೊಡುವವರೂ ಮಾರುವವರೂ ಒಬ್ಬರೇ.

ಇನ್ನೊಂದು ವಿಷಯ ನಮ್ಮ ಓದುಗರಲ್ಲಿ ಬಹಳ ಜನರಿಗೆ ತಿಳಿದಿಲ್ಲ. ಔಷಧಗಳ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತುಗಳ ವಿರುದ್ಧ ನಮ್ಮಲ್ಲಿ 1954ರಿಂದಲೇ ಕಾಯ್ದೆಯಿದೆ. ಅದರ ಅನುಸೂಚಿಯಲ್ಲಿ 54 ಕಾಯಿಲೆ ಮತ್ತು ತೊಂದರೆಗಳ ಪಟ್ಟಿಯಿದೆ. ಇವನ್ನು ಗುಣಪಡಿಸುವುದಾಗಿ ಸಾರ್ವಜನಿಕರಿಗೆ ಜಾಹೀರಾತು ಕೊಡುವುದು ಅಪರಾಧ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ರಕ್ತದೊತ್ತಡ, ಮೂರ್ಛೆರೋಗ, ಬೊಜ್ಜು, ಎತ್ತರ ಹೆಚ್ಚಿಸುವುದು ಎಲ್ಲವೂ ಅದರಲ್ಲಿವೆ. ಪಿತ್ತಕೋಶ, ಮೂತ್ರಪಿಂಡ ಮತ್ತು ಮೂತ್ರಕೋಶದ ಕಲ್ಲುಗಳೂ ಇವೆ. ಎಂದರೆ ‘ಕಲ್ಲು ಕರಗಿಸುವ ಪುಡಿ’ ಎಂದು ಜಾಹೀರಾತು ಕೊಡುವವರು ಕಾನೂನನ್ನೇ ಗಾಳಿಗೆ ತೂರಿದ್ದಾರೆ. ಅಂಥವರ ವಿಜ್ಞಾನವನ್ನು ಪರೀಕ್ಷಿಸುತ್ತಾ ಕೂರಬೇಕಾದ ಅಗತ್ಯವೇ ಇಲ್ಲ.

ಪುರಾವೆ ಏನು?

ಮಾರಾಟದ ಉದ್ದೇಶವಿಲ್ಲದ, ಪ್ರಾಮಾಣಿಕರಾದ ಜನರೂ ಸಲಹೆ ಕೊಡುತ್ತಾರೆ. ‘ನಾನು ಮೂರು ವಾರ ಬಾಳೆದಿಂಡಿನ ರಸ ಕುಡಿದೆ, ಕಲ್ಲು ಹೋಯಿತು’ ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರು ರಸ ಕುಡಿದದ್ದೂ ನಿಜ, ಕಲ್ಲು ಹೋದದ್ದೂ ನಿಜ. ರಸದಿಂದಲೇ ಹೋಯಿತೇ ಎಂಬುದು ಮಾತ್ರ ಅಷ್ಟರಿಂದ ತಿಳಿಯುವುದಿಲ್ಲ.

ಇದನ್ನು ಬಿಡಿಸಿ ತೋರಿಸುವ ಒಂದು ದೊಡ್ಡ ಪ್ರಯೋಗವಿದೆ. ಮೂತ್ರನಾಳದಲ್ಲಿ ಸಿಕ್ಕಿಕೊಂಡ ಕಲ್ಲನ್ನು ಬೇಗ ಹೊರಬೀಳಿಸುವುದಕ್ಕೆ ವೈದ್ಯರು ಟ್ಯಾಮ್ಸುಲೋಸಿನ್ ಎಂಬ ಗುಳಿಗೆಯನ್ನು ಬರೆದುಕೊಡುತ್ತಿದ್ದರು. ಚಿಕ್ಕ ಚಿಕ್ಕ ಪ್ರಯೋಗಗಳಲ್ಲಿ ಅದು ಚೆನ್ನಾಗಿ ಕೆಲಸ ಮಾಡಿದಂತೆ ಕಂಡಿತ್ತು. ಬ್ರಿಟನ್ನಿನ 24 ಆಸ್ಪತ್ರೆಗಳ ವೈದ್ಯರು ಇದನ್ನು ಸರಿಯಾಗಿ ಪರೀಕ್ಷಿಸಲು ನಿರ್ಧರಿಸಿದರು. 10 ಮಿ.ಮೀ. ಅಥವಾ ಅದಕ್ಕಿಂತ ಚಿಕ್ಕ ಕಲ್ಲಿದ್ದ 1,167 ರೋಗಿಗಳನ್ನು ಯಾದೃಚ್ಛಿಕವಾಗಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಟ್ಯಾಮ್ಸುಲೋಸಿನ್, ಇನ್ನೊಂದಕ್ಕೆ ನಿಫೆಡಿಪಿನ್ ಎಂಬ ಬೇರೊಂದು ಔಷಧ, ಮೂರನೆಯದಕ್ಕೆ ಔಷಧವೇ ಇಲ್ಲದ ಹುಸಿಗುಳಿಗೆ. ಯಾರಿಗೆ ಯಾವುದು ಸಿಕ್ಕಿದೆ ಎಂಬುದು ರೋಗಿಗೂ ಗೊತ್ತಿಲ್ಲ, ನೋಡಿಕೊಳ್ಳುವ ವೈದ್ಯರಿಗೂ ಗೊತ್ತಿಲ್ಲ. 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ನಾಲ್ಕು ವಾರಗಳಲ್ಲಿ ಕಲ್ಲು ತೆಗೆಯಲು ಬೇರೆ ಚಿಕಿತ್ಸೆ ಬೇಕಾಗದೆ ಹೋದವರ ಪ್ರಮಾಣ ಟ್ಯಾಮ್ಸುಲೋಸಿನ್ ಗುಂಪಿನಲ್ಲಿ ಶೇ 81, ನಿಫೆಡಿಪಿನ್ ಗುಂಪಿನಲ್ಲಿ ಶೇ 80, ಹುಸಿಗುಳಿಗೆ ನುಂಗಿದ ಗುಂಪಿನಲ್ಲೂ ಶೇ 80!

ಹುಸಿಗುಳಿಗೆಯ ಆ ಶೇ 80ರ ಮೇಲೆ ಸ್ವಲ್ಪ ಹೊತ್ತು ಗಮನ ನಿಲ್ಲಿಸಿ. ಅಂಥದೇ ಕಲ್ಲಿರುವ ನೂರು ಜನ ಬಾಳೆದಿಂಡಿನ ರಸ ಕುಡಿದರು ಎಂದುಕೊಳ್ಳಿ. ರಸದಿಂದ ಏನೂ ಆಗದಿದ್ದರೂ ಅವರಲ್ಲಿ ಸುಮಾರು 80 ಮಂದಿ ತಿಂಗಳೊಳಗೆ ಆಪರೇಷನ್ ಬೇಕಾಗದೆ ಚೇತರಿಸಿಕೊಳ್ಳುತ್ತಾರೆ. ಅವರೆಲ್ಲರೂ ಮನಸಾರೆ ರಸಕ್ಕೆ ಧನ್ಯವಾದ ಹೇಳುತ್ತಾರೆ. ಅವರಲ್ಲಿ ಕೆಲವರು ವಿಡಿಯೊ ಮಾಡುತ್ತಾರೆ, ನೆಂಟರಿಷ್ಟರಿಗೆ ಹೇಳುತ್ತಾರೆ. ಉಳಿದ 20 ಮಂದಿ ಆಸ್ಪತ್ರೆ ಸೇರಿರುತ್ತಾರೆ. ಅವರ ಅನುಭವ ನಮ್ಮ ಮೊಬೈಲ್‌ವರೆಗೆ ಬರುವುದೇ ಇಲ್ಲ. ತಾನಾಗಿಯೇ ವಾಸಿಯಾಗುವ ಯಾವುದೇ ತೊಂದರೆಗೆ, ನೆಗಡಿ ಇರಲಿ, ಸೊಂಟ ಹಿಡಿದದ್ದಿರಲಿ, ಸಾವಿರ ಸಾಕ್ಷಿಗಳು ಸೇರಿದರೂ ಒಂದು ಪುರಾವೆ ಆಗದಿರುವುದು ಇದೇ ಕಾರಣಕ್ಕೆ. ಚಿಕಿತ್ಸೆ ಪಡೆಯದವರ ಜೊತೆ ಹೋಲಿಸಿದಾಗ ಮಾತ್ರ ಚಿಕಿತ್ಸೆಯ ಬೆಲೆ ತಿಳಿಯುತ್ತದೆ.

ಈ ಅಳತೆಗೋಲು ಮನೆಮದ್ದಿಗೊಂದು, ಆಸ್ಪತ್ರೆಯ ಮಾತ್ರೆಗೊಂದು ಎಂದು ಬೇರೆಬೇರೆ ಇಲ್ಲ. ವೈದ್ಯರು ತಾವೇ ಬರೆದುಕೊಡುತ್ತಿದ್ದ ಗುಳಿಗೆಯನ್ನು ಪರೀಕ್ಷೆಗೆ ಒಡ್ಡಿದರು, ಅದು ನಿರೀಕ್ಷೆಯಂತೆ ಕೆಲಸ ಮಾಡಲಿಲ್ಲ ಎಂದು ತಾವೇ ಪ್ರಕಟಿಸಿದರು. ಕಥೆ ಅಲ್ಲಿಗೂ ನಿಲ್ಲಲಿಲ್ಲ. ಹಲವು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ತೂಗಿದ ‘ಕಾಕ್ರೇನ್’ ಸಂಸ್ಥೆಯ 2018ರ ವಿಮರ್ಶೆ, 5 ಮಿ.ಮೀ.ಗಿಂತ ದೊಡ್ಡ ಕಲ್ಲುಗಳಲ್ಲಿ ಈ ಬಗೆಯ ಔಷಧಗಳಿಂದ ಪ್ರಯೋಜನ ಇರಬಹುದು ಎಂದಿತು. ಹೀಗೆ ಪುರಾವೆ ಬಂದಂತೆ ಮಾತನ್ನು ತಿದ್ದಿಕೊಳ್ಳುವುದು ವಿಜ್ಞಾನದ ಬಲ. ಎಂದೂ ಮಾತು ಬದಲಿಸದ, ಎಲ್ಲರಿಗೂ ನೂರಕ್ಕೆ ನೂರು ಫಲ ಎನ್ನುವ ಸಲಹೆಯ ಬಗ್ಗೆಯೇ ನಾವು ಅನುಮಾನ ಪಡಬೇಕು.

ಬಾಳೆದಿಂಡಿನ ಬಗ್ಗೆ ಸಂಶೋಧನೆ ನಡೆದೇ ಇಲ್ಲವೆಂದೇನಲ್ಲ. ಇಲಿಗಳಿಗೆ ರಾಸಾಯನಿಕ ಕೊಟ್ಟು ಕಲ್ಲು ಬರಿಸಿ, ದಿಂಡಿನ ರಸ ಕುಡಿಸಿ ನೋಡಿದ ಪ್ರಯೋಗಗಳಿವೆ. ‘ವಿಜ್ಞಾನಿಗಳೇ ಒಪ್ಪಿದ್ದಾರೆ’ ಎನ್ನುವ ಶೀರ್ಷಿಕೆ ಕಂಡಾಗ ಕೇಳಬೇಕಾದದ್ದು ಇದನ್ನೇ: ಪ್ರಯೋಗ ನಡೆದದ್ದು ಯಾರ ಮೇಲೆ? ಗಾಜಿನ ತಟ್ಟೆಯಲ್ಲಿಯ ಜೀವಕೋಶಗಳ ಮೇಲೋ, ಇಲಿಗಳ ಮೇಲೋ, ಹತ್ತಿಪ್ಪತ್ತು ಜನರ ಮೇಲೋ, ಹೋಲಿಕೆಯ ಗುಂಪು ಇಟ್ಟುಕೊಂಡು ನೂರಾರು ಜನರ ಮೇಲೋ? ಮೊದಲ ಎರಡು ಮೆಟ್ಟಿಲುಗಳಲ್ಲಿ ಭರವಸೆ ಹುಟ್ಟಿಸಿದ ಎಷ್ಟೋ ವಸ್ತುಗಳು ಕೊನೆಯ ಮೆಟ್ಟಿಲು ಹತ್ತುವುದಿಲ್ಲ. ಅಡುಗೆಮನೆಯ ಪಲ್ಯವಾಗಿ ಬಾಳೆದಿಂಡು ಒಳ್ಳೆಯ ಆಹಾರ, ಸಂತೋಷವಾಗಿ ತಿನ್ನಬಹುದು. ಅದನ್ನೇ ನಂಬಿ ಬೇಕಾದ ಚಿಕಿತ್ಸೆಯನ್ನು ಮುಂದೂಡುವುದಷ್ಟೇ ತಪ್ಪು.

ಹಾಗಾದರೆ ಕಲ್ಲಿನ ವಿಷಯದಲ್ಲಿ ಗಟ್ಟಿ ಪುರಾವೆ ಇರುವ ಸಲಹೆ ಯಾವುದು? ಇಟಲಿಯ ಬೋರ್ಗಿ ಮತ್ತು ಸಂಗಡಿಗರು ಮೊದಲ ಬಾರಿ ಕ್ಯಾಲ್ಸಿಯಂ ಕಲ್ಲು ಬಂದಿದ್ದ 199 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹೇರಳವಾಗಿ ನೀರು ಕುಡಿಯಲು ಹೇಳಿ, ಐದು ವರ್ಷ ಗಮನಿಸಿದರು. 1996ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ: ಹೆಚ್ಚು ನೀರು ಕುಡಿದವರಲ್ಲಿ ಸುಮಾರು ಶೇ 12 ಮಂದಿಗೆ ಮತ್ತೆ ಕಲ್ಲು ಬಂತು, ಉಳಿದ ಗುಂಪಿನಲ್ಲಿ ಶೇ 27 ಮಂದಿಗೆ. ನೀರಿಗೆ ಜಾಹೀರಾತಿಲ್ಲ, ಅದನ್ನು ಮಾರಿ ಲಾಭ ಮಾಡುವ ಪುಡಿಯ ಕಂಪನಿಯಿಲ್ಲ. ಆದ್ದರಿಂದಲೋ ಏನೋ ಈ ಸಲಹೆ ಪುಟಗಳ ತಳದಲ್ಲಿ ಉಳಿದುಬಿಡುತ್ತದೆ.

‘ಹಾಲು ಬಿಡಿ’ ಎಂಬ ಸಲಹೆಗೂ ಇದೇ ತಂಡ ಉತ್ತರ ಕಂಡುಕೊಂಡಿತು. ಬಹುಪಾಲು ಕಲ್ಲುಗಳಲ್ಲಿ ಕ್ಯಾಲ್ಸಿಯಂ ಇರುವುದರಿಂದ ಹಾಲು, ಮೊಸರು ಬಿಟ್ಟರೆ ಕಲ್ಲು ಬಾರದು ಎಂದು ಒಂದು ಕಾಲದಲ್ಲಿ ವೈದ್ಯರೂ ನಂಬಿದ್ದರು. ಪದೇ ಪದೇ ಕಲ್ಲು ಬರುತ್ತಿದ್ದ 120 ಪುರುಷರಲ್ಲಿ ಅರ್ಧದಷ್ಟು ಜನರಿಗೆ ಕ್ಯಾಲ್ಸಿಯಂ ಕಡಿಮೆ ಇರುವ ಆಹಾರ, ಉಳಿದರ್ಧಕ್ಕೆ ಸಾಮಾನ್ಯ ಪ್ರಮಾಣದ ಕ್ಯಾಲ್ಸಿಯಂ ಇದ್ದು ಉಪ್ಪು ಮತ್ತು ಮಾಂಸ ಕಡಿಮೆ ಇರುವ ಆಹಾರ ಕೊಡಲಾಯಿತು. 2002ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಐದು ವರ್ಷಗಳಲ್ಲಿ ಕ್ಯಾಲ್ಸಿಯಂ ಕಡಿಮೆ ಮಾಡಿದ 60 ಮಂದಿಯಲ್ಲಿ 23 ಜನರಿಗೆ ಮತ್ತೆ ಕಲ್ಲು ಬಂತು, ಉಪ್ಪು-ಮಾಂಸ ಕಡಿಮೆ ಮಾಡಿದ 60 ಮಂದಿಯಲ್ಲಿ 12 ಜನರಿಗೆ. ಆಹಾರದ ಕ್ಯಾಲ್ಸಿಯಂ, ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಎಂಬ ವಸ್ತುವಿನ ಜೊತೆ ಕರುಳಿನಲ್ಲೇ ಬೆರೆತು ಮಲದೊಡನೆ ಹೊರಹೋಗುತ್ತದೆ. ಕ್ಯಾಲ್ಸಿಯಂ ಕಡಿಮೆಯಾದರೆ ಆಕ್ಸಲೇಟ್ ಹೆಚ್ಚಾಗಿ ರಕ್ತ ಸೇರಿ ಮೂತ್ರಕ್ಕೆ ಬರುತ್ತದೆ. ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತದೆ. ಆದ್ದರಿಂದ ಇಂಥವರು ಕೈ ಬಿಗಿಹಿಡಿಯಬೇಕಾದದ್ದು ಉಪ್ಪಿನಕಾಯಿ, ಹಪ್ಪಳಗಳ ಮೇಲೆ, ಮಜ್ಜಿಗೆಯ ಮೇಲಲ್ಲ. ಸರಿಯೆಂದು ತೋರುವ ತರ್ಕವೂ ಪರೀಕ್ಷೆಯಲ್ಲಿ ತಲೆಕೆಳಗಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಎಷ್ಟು ಜನರಲ್ಲಿ ಎಷ್ಟು ಜನರಿಗೆ?

ನೀರಿನ ಪ್ರಯೋಗದ ಫಲವನ್ನು ಎರಡು ರೀತಿ ಹೇಳಬಹುದು. ‘ಕಲ್ಲು ಮರುಕಳಿಸುವ ಅಪಾಯ ಅರ್ಧಕ್ಕಿಂತ ಕೆಳಗಿಳಿಯಿತು’ ಎನ್ನಬಹುದು. ‘ನೂರು ಜನರಲ್ಲಿ 27 ಮಂದಿಗೆ ಬರುತ್ತಿದ್ದುದು 12 ಮಂದಿಗೆ ಬಂತು’ ಎಂದೂ ಹೇಳಬಹುದು. ಎರಡೂ ಸತ್ಯ. ಎರಡನೆಯ ಮಾತು ಪೂರ್ತಿ ಚಿತ್ರ ಕೊಡುತ್ತದೆ: 15 ಮಂದಿಗೆ ಲಾಭವಾಯಿತು, 12 ಮಂದಿಗೆ ನೀರು ಕುಡಿದರೂ ಕಲ್ಲು ಬಂತು, 73 ಮಂದಿಗೆ ಹೇಗೂ ಬರುತ್ತಿರಲಿಲ್ಲ. ಇಂಥ ಲೆಕ್ಕ ಕೊಡದೆ ಬರೀ ‘ದುಪ್ಪಟ್ಟು’, ‘ಅರ್ಧ’, ‘ಶೇ 50 ಹೆಚ್ಚಳ’ ಎನ್ನುವ ಬರಹ ಓದುಗರನ್ನು ಹೆದರಿಸುತ್ತದೆ ಅಥವಾ ಹಿಗ್ಗಿಸುತ್ತದೆ. ತಿಳಿವಳಿಕೆ ಕೊಡುವುದಿಲ್ಲ.

ಹೀಗೆ ಅಂಕಿಯನ್ನು ಅರ್ಧ ಹೇಳಿದ್ದರಿಂದ ಆದ ಹಾನಿ ದೊಡ್ಡದು. ಅಕ್ಟೋಬರ್ 1995ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ, ಹೊಸ ಬಗೆಯ ಗರ್ಭನಿರೋಧಕ ಗುಳಿಗೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ದುಪ್ಪಟ್ಟಾಗುತ್ತದೆ ಎಂದು ಎಚ್ಚರಿಸಿತು. ಹಳೆಯ ಗುಳಿಗೆ ನುಂಗುವ 7,000 ಮಹಿಳೆಯರಲ್ಲಿ ಒಬ್ಬರಿಗೆ ಬರುತ್ತಿದ್ದ ತೊಂದರೆ ಹೊಸ ಗುಳಿಗೆಯಿಂದ 7,000ರಲ್ಲಿ ಇಬ್ಬರಿಗೆ ಬರಬಹುದು ಎಂಬುದು ಅದರ ಅರ್ಥ. ಪತ್ರಿಕೆಗಳಲ್ಲಿ ‘ದುಪ್ಪಟ್ಟು’ ಮಾತ್ರ ಉಳಿಯಿತು. ಹೆದರಿದ ಮಹಿಳೆಯರು ಗುಳಿಗೆಯನ್ನೇ ಬಿಟ್ಟರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವು ಎಂದು ಅಂದಾಜು. ಗರ್ಭಿಣಿಯಾದಾಗ ರಕ್ತ ಹೆಪ್ಪುಗಟ್ಟುವ ಅಪಾಯ ಗುಳಿಗೆಯಿಂದ ಬರುವುದಕ್ಕಿಂತ ಹೆಚ್ಚು ಎಂಬುದನ್ನು ಯಾರೂ ಅವರಿಗೆ ಹೇಳಿರಲಿಲ್ಲ.

ಅಂಕಿಯ ಜೊತೆಗೆ, ಆ ಅಂಕಿ ಯಾರಿಗೆ ಅನ್ವಯಿಸುತ್ತದೆ ಎಂದೂ ಕೇಳಬೇಕು. ಕಲ್ಲು ಬಂದವರು ದಿನಕ್ಕೆ ಕನಿಷ್ಠ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕು ಎಂಬುದು ತಜ್ಞರ ಸಂಘಟನೆಗಳ ಸಲಹೆ. ಅದೇ ಸಲಹೆ ಹೃದಯ ವೈಫಲ್ಯ ಇರುವವರಿಗೂ ಮೂತ್ರಪಿಂಡ ಕೆಲಸ ನಿಲ್ಲಿಸುತ್ತಿರುವವರಿಗೂ ಅಪಾಯ ತರಬಹುದು. ಕಮರಾಕ್ಷಿ ಹಣ್ಣು, ನಮ್ಮ ಕರಾವಳಿ-ಮಲೆನಾಡಿನವರ ದಾರೆಹುಳಿ, ಆರೋಗ್ಯವಂತರಿಗೆ ಸಾಮಾನ್ಯವಾಗಿ ತೊಂದರೆ ಕೊಡದು. ಮೂತ್ರಪಿಂಡ ವೈಫಲ್ಯ ಇರುವವರು ತಿಂದಾಗ ನಿಲ್ಲದ ಬಿಕ್ಕಳಿಕೆ, ಗೊಂದಲ, ಫಿಟ್ಸ್, ಸಾವು ಕೂಡ ಸಂಭವಿಸಿರುವುದನ್ನು ಬ್ರೆಜಿಲ್ಲಿನ ವೈದ್ಯರು ದಾಖಲಿಸಿದ್ದಾರೆ. ಆ ಹಣ್ಣಿನಲ್ಲಿರುವ ನರವಿಷವನ್ನು ಅವರ ಮೂತ್ರಪಿಂಡ ಹೊರಹಾಕಲಾರದು. ಕಾಡುಬಸಳೆ ಗಿಡದಲ್ಲಿ ಹೃದಯದ ಮೇಲೆ ಪರಿಣಾಮ ಬೀರುವ ರಾಸಾಯನಿಕಗಳಿವೆ. ಆಸ್ಟ್ರೇಲಿಯಾದಲ್ಲಿ ಅದನ್ನು ಮೇದ ದನಗಳು ಸತ್ತಿವೆ. ಗಿಡದಿಂದ ಬಂದದ್ದು ಎಂದ ಮಾತ್ರಕ್ಕೆ ಎಲ್ಲರಿಗೂ ಹಿತವಲ್ಲ. ಇಂಥವರು ಇದನ್ನು ಸೇವಿಸಬಾರದು ಎಂಬ ಒಂದು ಸಾಲೂ ಇಲ್ಲದ ಆರೋಗ್ಯ ಲೇಖನ ಅರೆಬರೆ ಲೇಖನ.

ಯಂತ್ರದ ಉತ್ತರ

ಲಕ್ಷಣಗಳನ್ನು ಹಾಕಿ ಕಾಯಿಲೆ ಹುಡುಕುವುದು ಇನ್ನೂ ಜಾರುವ ದಾರಿ. ಮೈಕ್ರೊಸಾಫ್ಟ್‌ನ ರಯಾನ್ ವೈಟ್ ಮತ್ತು ಎರಿಕ್ ಹಾರ್ವಿಟ್ಸ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಲೆನೋವಿನ ಬಗ್ಗೆ ಹುಡುಕುವವರು ಕಾಫಿ ಬಿಟ್ಟಾಗ ಬರುವಂಥ ಸಾಮಾನ್ಯ ಕಾರಣಗಳಷ್ಟೇ ಸುಲಭವಾಗಿ ಮೆದುಳಿನ ಗೆಡ್ಡೆಯ ಪುಟಗಳನ್ನೂ ತಲುಪುತ್ತಾರೆಂದು ಕಂಡುಬಂತು. ಬೆಳಗಿನ ಫಿಲ್ಟರ್ ಕಾಫಿ ತಪ್ಪಿ ತಲೆ ಸಿಡಿಯುವವರು ನಮ್ಮಲ್ಲಿ ಮನೆಗೊಬ್ಬರು ಸಿಕ್ಕಾರು. ಮೆದುಳಿನ ಗೆಡ್ಡೆ ಬಹಳ ಅಪರೂಪ. ಯಾವುದು ಸಾಮಾನ್ಯ, ಯಾವುದು ಅಪರೂಪ ಎಂಬ ಅಳತೆ ಹುಡುಕಾಟದ ಪಟ್ಟಿಯಲ್ಲಿ ಅಳಿಸಿಹೋಗುತ್ತದೆ. ಲಕ್ಷಣ ಕೇಳಿ ಕಾಯಿಲೆ ಹೇಳುವ 23 ತಂತ್ರಾಂಶಗಳನ್ನು ಹಾರ್ವರ್ಡ್ ಸಂಶೋಧಕರು 45 ಮಾದರಿ ರೋಗಿಗಳ ವಿವರ ಕೊಟ್ಟು ಪರೀಕ್ಷಿಸಿದಾಗ, ಸರಿಯಾದ ಕಾಯಿಲೆಯನ್ನು ಮೊದಲ ಸ್ಥಾನದಲ್ಲಿ ಹೇಳಿದ್ದು ಶೇ 34 ಸಲ ಮಾತ್ರ. ಆ ವರದಿ 2015ರದು.

ಈಗ ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳು ಅಚ್ಚಕನ್ನಡದಲ್ಲೇ ಉತ್ತರಿಸುತ್ತವೆ. ಹಿಂದಿನ ತಂತ್ರಾಂಶಗಳಿಗಿಂತ ಅವು ಎಷ್ಟೋ ಮುಂದಿವೆ. ವೈದ್ಯರು ಬರೆದ ವರದಿಯ ಕ್ಲಿಷ್ಟ ಪದಗಳನ್ನು ಬಿಡಿಸಿ ಹೇಳಲು, ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳನ್ನು ಪಟ್ಟಿ ಮಾಡಲು ನಿಜಕ್ಕೂ ನೆರವಾಗುತ್ತವೆ. ಆದರೆ ಉತ್ತರ ಸರಿಯಿರಲಿ ತಪ್ಪಿರಲಿ, ಅವುಗಳ ಧಾಟಿ ಒಂದೇ. ಅಮೆರಿಕದಲ್ಲಿ 60 ವರ್ಷದ ಒಬ್ಬರು ಆಹಾರದಿಂದ ಕ್ಲೋರೈಡ್ ಕಡಿಮೆ ಮಾಡಬೇಕೆಂದು ಚಾಟ್‌ಬಾಟನ್ನು ಕೇಳಿಕೊಂಡು, ಅಡುಗೆ ಉಪ್ಪಿನ ಬದಲು ಮೂರು ತಿಂಗಳು ಸೋಡಿಯಂ ಬ್ರೋಮೈಡ್ ಸೇವಿಸಿದರು. ಭ್ರಮೆ, ವಿಪರೀತ ಸಂಶಯಗಳೊಂದಿಗೆ ಆಸ್ಪತ್ರೆ ಸೇರಿದ ಅವರಿಗೆ ಬ್ರೋಮೈಡ್ ವಿಷಬಾಧೆ ಆಗಿರುವುದು ಪತ್ತೆಯಾಯಿತು. ಈ ಪ್ರಕರಣವನ್ನು ವೈದ್ಯರು 2025ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದರು. ಯಂತ್ರದ ಉತ್ತರಕ್ಕೂ ಅದೇ ಮೂರು ಪ್ರಶ್ನೆಗಳು ಅನ್ವಯಿಸುತ್ತವೆ. ಆಕರ ಕೊಡು ಎಂದು ಕೇಳಿ, ಕೊಟ್ಟ ಆಕರ ನಿಜವಾಗಿ ಇದೆಯೇ, ಅದರಲ್ಲಿ ಹಾಗೇ ಹೇಳಿದೆಯೇ ಎಂದು ತೆರೆದು ನೋಡಿ.

ಎಲ್ಲಿ ಹುಡುಕುವುದು?

ಹುಡುಕಾಟದ ಪದಗಳಿಂದಲೇ ಆರಂಭಿಸೋಣ. ‘ಬಾಳೆದಿಂಡಿನಿಂದ ಕಲ್ಲು ಕರಗಿಸುವುದು’ ಎಂದು ಹುಡುಕಿದರೆ ಕರಗುತ್ತದೆ ಎನ್ನುವವರೇ ಸಿಗುತ್ತಾರೆ. ‘ಮೂತ್ರಪಿಂಡದ ಕಲ್ಲು: ಕಾರಣ, ಚಿಕಿತ್ಸೆ’ ಎಂದು ಹುಡುಕಿದರೆ ಫಲಿತಾಂಶ ಬೇರೆಯಾಗುತ್ತದೆ. ಮೇಲಿನ ಸಾಲುಗಳಲ್ಲಿ ‘ಪ್ರಾಯೋಜಿತ’ ಎಂದು ಬರೆದಿದ್ದರೆ ಅವು ಹಣ ಕೊಟ್ಟು ಹಾಕಿಸಿದ ಜಾಹೀರಾತುಗಳು, ಅವನ್ನು ದಾಟಿ ಮುಂದೆ ಹೋಗಿ.

ಇಂಗ್ಲಿಷ್ ಓದಬಲ್ಲವರಿಗೆ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1998ರಿಂದ ನಡೆಸುತ್ತಿರುವ ‘ಮೆಡ್‌ಲೈನ್‌ಪ್ಲಸ್’ ಒಳ್ಳೆಯ ಆರಂಭ. ಅಲ್ಲಿ ಜಾಹೀರಾತುಗಳಿಲ್ಲ, ಭಾಷೆ ಸರಳ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ತಾಣವೂ ಹಾಗೆಯೇ. ಕಾಕ್ರೇನ್ ವಿಮರ್ಶೆಗಳ ಸರಳ ಸಾರಾಂಶಗಳನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು. ನಮ್ಮ ಊಟದ ಬಗ್ಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ 17 ಮಾರ್ಗಸೂಚಿಗಳ ಪುಸ್ತಕ ಭಾರತದ ಅಡುಗೆಮನೆಯನ್ನು ನೋಡಿ ಬರೆದದ್ದು. ಯಾವುದೇ ಔಷಧ ‘ಕ್ಲಿನಿಕಲ್ ಆಗಿ ಸಾಬೀತಾಗಿದೆ’ ಎಂದರೆ, 2007ರಿಂದ ಇರುವ ‘ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ - ಇಂಡಿಯಾ’ದಲ್ಲಿ ಆ ಪ್ರಯೋಗ ನೋಂದಣಿಯಾಗಿದೆಯೇ, ಎಷ್ಟು ಜನರ ಮೇಲೆ ನಡೆದಿದೆ ಎಂದು ನೋಡಬಹುದು. ಗುಣಮಟ್ಟ ಪರೀಕ್ಷೆಯಲ್ಲಿ ನಪಾಸಾದ ಔಷಧಗಳ ಪಟ್ಟಿಯನ್ನು ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳು ಪ್ರಕಟಿಸುತ್ತದೆ. ಔಷಧದಿಂದ ಅಡ್ಡಪರಿಣಾಮವಾದರೆ 1800-180-3024 ಸಂಖ್ಯೆಗೆ ಉಚಿತ ಕರೆ ಮಾಡಿ ತಿಳಿಸಬಹುದು.

ಕನ್ನಡದಲ್ಲಿ ಕೇಂದ್ರ ಸರ್ಕಾರದ ‘ವಿಕಾಸ್‌ಪೀಡಿಯಾ’ ತಾಣದ ಆರೋಗ್ಯ ವಿಭಾಗವಿದೆ. ಮಾನಸಿಕ ಆರೋಗ್ಯಕ್ಕೆ 2022ರಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮುಂಚೂಣಿಯಲ್ಲಿರುವ ‘ಟೆಲಿ ಮನಸ್’ ಇದೆ. 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಆದರೂ ನಂಬಲರ್ಹ ಮಾಹಿತಿಯ ಬಹುಭಾಗ ಇಂದಿಗೂ ಇಂಗ್ಲಿಷಿನಲ್ಲಿದೆ, ಮನೆಮದ್ದಿನ ವಿಡಿಯೊಗಳ ಬಹುಭಾಗ ಕನ್ನಡದಲ್ಲಿದೆ. ಇದು ನೋವಿನ ಸಂಗತಿ. ಡಾ. ಅನುಪಮಾ ನಿರಂಜನ, ಡಾ. ಸಿ.ಆರ್. ಚಂದ್ರಶೇಖರ್, ಡಾ. ನಾ. ಸೋಮೇಶ್ವರ ಅವರಂಥ ವೈದ್ಯರು ಪುಸ್ತಕ, ಅಂಕಣಗಳ ಮೂಲಕ ಕಟ್ಟಿದ ಪರಂಪರೆ ನಮ್ಮದು. ಆ ಕೆಲಸ ಈಗ ಮೊಬೈಲ್ ಪರದೆಯ ಮೇಲೂ ನಡೆಯಬೇಕು. ವೈದ್ಯಕೀಯ ಕಾಲೇಜುಗಳು, ಆರೋಗ್ಯ ಇಲಾಖೆ, ಕನ್ನಡದಲ್ಲಿ ಬರೆಯಬಲ್ಲ ವೈದ್ಯರು ಇದನ್ನು ಸೇವೆಯೆಂದೇ ಭಾವಿಸಿ ಮುಂದೆ ಬರಬೇಕು.

ಹುಡುಕದೆ ಹೊರಡಬೇಕಾದಾಗ

ಕೆಲವು ಹೊತ್ತಿನಲ್ಲಿ ಹುಡುಕಾಟವೇ ಅಪಾಯ. ಕಲ್ಲಿನ ನೋವಿನ ಜೊತೆ ಚಳಿಜ್ವರ ಬಂದರೆ, ಮೂತ್ರ ನಿಂತುಹೋದರೆ, ಇರುವುದು ಒಂದೇ ಮೂತ್ರಪಿಂಡವಾದರೆ, ಗರ್ಭಿಣಿಯಾಗಿದ್ದರೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಕಟ್ಟಿಕೊಂಡ ಮೂತ್ರಕ್ಕೆ ಸೋಂಕು ತಗುಲಿದರೆ ಗಂಟೆಗಳಲ್ಲಿ ಜೀವಕ್ಕೆ ಕುತ್ತು ಬರಬಹುದು. ಎದೆನೋವು, ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾಗುವುದು ಅಥವಾ ಕೈಕಾಲು ಸೋಲುವುದು, ಹಾವು ಕಡಿತ ಇವಕ್ಕೂ ಅಷ್ಟೇ: 108ಕ್ಕೆ ಕರೆ ಮಾಡಿ ಹೊರಡಬೇಕು. ಹಾವು ಕಚ್ಚಿದ ಜಾಗವನ್ನು ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ನಾಯಿ ಕಚ್ಚಿದರೆ ಗಾಯವನ್ನು ಸೋಪು-ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಲಸಿಕೆ ಪಡೆಯಬೇಕು. ರೇಬಿಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ಕಡಿಮೆ.

ಉಳಿದ ಸಂದರ್ಭಗಳಲ್ಲಿ ಓದಿ, ಧಾರಾಳವಾಗಿ ಓದಿ. ತನ್ನ ಕಾಯಿಲೆಯನ್ನು ಅರಿತ ರೋಗಿ ಚಿಕಿತ್ಸೆಯಲ್ಲಿ ವೈದ್ಯರ ಜೊತೆಗಾರ. ಓದಿದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ‘ಡಾಕ್ಟ್ರೇ, ಇದು ನನಗೆ ಅನ್ವಯಿಸುತ್ತದೆಯೇ?’ ಎಂದು ಕೇಳಿ. ಅಂಥ ಪ್ರಶ್ನೆಗೆ ಬೇಸರಿಸದೆ ಉತ್ತರಿಸುವುದು ವೈದ್ಯರ ಕರ್ತವ್ಯ. ತೆಗೆದುಕೊಳ್ಳುತ್ತಿರುವ ಕಷಾಯ, ಪುಡಿ, ಗುಳಿಗೆಗಳನ್ನು ಮುಚ್ಚಿಡದೆ ಹೇಳುವುದು ರೋಗಿಯ ಕರ್ತವ್ಯ.

ಕೊನೆಯದಾಗಿ ಹಂಚುವವರಿಗೆ ಒಂದು ಮಾತು. ಟ್ವಿಟರ್‌ನಲ್ಲಿ 2006ರಿಂದ 2017ರವರೆಗೆ ಹರಡಿದ ಸುಮಾರು 1,26,000 ಸುದ್ದಿಗಳ ಜಾಡು ಹಿಡಿದ ಎಂಐಟಿ ಸಂಶೋಧಕರು, ನಿಜ ಸುದ್ದಿಗಿಂತ ಸುಳ್ಳು ಸುದ್ದಿಯನ್ನು ಮರುಹಂಚುವ ಸಾಧ್ಯತೆ ಶೇ 70ರಷ್ಟು ಹೆಚ್ಚು ಎಂದು 2018ರಲ್ಲಿ ತೋರಿಸಿದರು. ಅದಕ್ಕೆ ಕಾರಣ ಯಂತ್ರಗಳಲ್ಲ, ಮನುಷ್ಯರು. ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಆರೋಗ್ಯದ ಸಂದೇಶ ಕಳುಹಿಸುವವರ ಉದ್ದೇಶ ಒಳ್ಳೆಯದೇ ಇರುತ್ತದೆ. ಅತ್ತೆಯ ಸಕ್ಕರೆ ಕಾಯಿಲೆ, ಅಣ್ಣನ ಕಲ್ಲು ವಾಸಿಯಾಗಲಿ ಎಂಬ ಕಾಳಜಿ ಅದು. ಆ ಕಾಳಜಿ ನಿಜವಾದರೆ, ಯಾರು ಹೇಳಿದರು, ಪುರಾವೆ ಏನು, ಎಷ್ಟು ಜನರಿಗೆ ಫಲ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಯಾವ ಆರೋಗ್ಯ ಸಲಹೆಯನ್ನೂ ಮುಂದಕ್ಕೆ ಕಳುಹಿಸಬೇಡಿ.